ಎಡಗೈ ಗುಂಡಿ

ನನ್ನ ಮಗಳ ಮಣಿಕಟ್ಟಿಗೆ ಹೊಸದಾಗಿ ಒಂದು ನೀಲಿ ದಾರದ ಬಳೆ ಬಂದಿತ್ತು. ಎಳೆಗಳನ್ನು ಹೊಸೆದು ಅಚ್ಚುಕಟ್ಟಾಗಿ ಗಂಟು ಹಾಕಿದ್ದು. ಎಲ್ಲಿ ಸಿಕ್ಕಿತು ಇದು ಅಂತ ಕೇಳಿದರೆ ನಮ್ಮತ್ತೆ ಪಾತ್ರೆ ತೊಳೆಯುವುದನ್ನು ನಿಲ್ಲಿಸದೆ, "ಹಳೇ ಹೊದಿಕೆ ಬಿಚ್ಕೊಂಡಿತ್ತು ನೋಡು, ಅದರದ್ದು" ಅಂದರು. ನಮ್ಮ ಮನೆಯಲ್ಲಿ ನೀಲಿ ಹೊದಿಕೆ ಇಲ್ಲ. ಇರುವ ಹೊದಿಕೆಗಳು ಒಗೆದೂ ಒಗೆದೂ ಯಾವ ಬಣ್ಣದವೆಂದು ಅವಕ್ಕೇ ಮರೆತುಹೋಗಿದೆ.

ಮುಂದೆ ಕೇಳಬಹುದಿತ್ತು, ಕೇಳಲಿಲ್ಲ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಗಂಡನ ದೂರು. ಅದು ನಿಜವೇ. ಆದರೆ ಅತ್ತೆಯ ಮುಂದೆ ಮಾತ್ರ ಅದನ್ನು ನುಂಗಿಕೊಂಡು ಬದುಕುತ್ತೇನೆ. ಅವರು ಯಾವತ್ತು "ಇನ್ನು ಮಗು ನೋಡ್ಕೊಳೋಕೆ ನನ್ನ ಕೈಲಾಗಲ್ಲಮ್ಮ" ಅಂತಾರೋ ಅವತ್ತಿಗೆ ನನ್ನ ಕೆಲಸ ಮುಗಿಯಿತು.

ಮಗಳಿಗೆ ಇನ್ನೂ ಎರಡು ತುಂಬಿಲ್ಲ. ಗಂಡ ಲಾರಿ ಡ್ರೈವರ್. ಬಂದರೆ ಉಂಡು ಮಲಗಿ, ಎದ್ದು ಹೋಗುವ ಮನುಷ್ಯ; ಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ ಅಂತ ತಿಳಿಯದು. ನಾನು ಬಟ್ಟೆ ಕಾರ್ಖಾನೆಗೆ ಹೋಗುತ್ತೇನೆ ಅಂದಾಗ "ಮನೇಲಿ ಏನ್ ಕಮ್ಮಿ ಆಗಿದೆ ನಿಂಗೆ?" ಅಂತ ಕೇಳಿದ್ದ. "ಕಮ್ಮಿ ಆದ್ರೇನೇ ಹೋಗ್ಬೇಕಾ?" ಅಂತ ನಾನೂ ಸಿಡುಕಿದ್ದೆ. ಮಾತಿಗೆ ಮಾತು ಬೆಳೆದು, ಎರಡು ದಿನ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಅತ್ತೆಯೇ ನಡುವೆ ಬಂದು, "ಹೋಗ್ಲಿ ಬಿಡೋ. ಮಗೂನ ನಾನ್ ನೋಡ್ಕೋತೀನಿ. ನಿನ್ನನ್ನ ಸಾಕಿಲ್ವಾ?" ಅಂದರು. ಅವನು ಹೂಂ ಅಂದ. ಆದರೂ ಹೊರಡುವ ಮುಂಚೆ ಒಂದು ಬೇಲಿ ಹಾಕಿಯೇ ಹೋದ: ಕತ್ತಲಾಗುವುದರೊಳಗೆ ನಾನು ಮನೆಯಲ್ಲಿರಬೇಕು.

ಹೊಲಿಗೆ ಯಂತ್ರದ ಸಾಲಿನಲ್ಲಿ ಕೂತವರಿಗೆ ಅದು ಆಗದ ಮಾತು. ಆರ್ಡರ್ ಮುಗಿಯದಿದ್ದರೆ ಗೇಟು ತೆಗೆಯುವುದೇ ಇಲ್ಲ. ತಡವಾಗಿ ಹೋದಾಗಲೆಲ್ಲ ಯಾರೋ ಅವನ ಕಿವಿಗೆ ಹಾಕುತ್ತಿದ್ದರು, ಫೋನಿನಲ್ಲಿ ಬೈಗುಳ ಬರುತ್ತಿತ್ತು. "ಇನ್ನೊಂದ್ ಸಲ ಹೀಗಾದ್ರೆ ಬಿಟ್ಟು ಮನೇಲಿ ಕೂತ್ಕೋ" ಅಂತ ಕೊನೆಯ ಎಚ್ಚರಿಕೆಯೂ ಆಗಿತ್ತು. ಅಷ್ಟರಲ್ಲಿ ನನ್ನ ಪುಣ್ಯಕ್ಕೆ ಚೆಕಿಂಗ್ ಮೇಜು ಖಾಲಿಯಾಯಿತು. ಆ ಮೇಜಿನವರಿಗೆ ಓವರ್‌ಟೈಮ್ ಇಲ್ಲ. ಬೆಳಕಿರುವಾಗಲೇ ಅಂಗಿಗಳನ್ನು ನೋಡಬೇಕು, ಬೆಳಕು ಹೋದರೆ ಮನೆಗೆ ಹೋಗಬೇಕು. ನನ್ನನ್ನು ತಾತ್ಕಾಲಿಕವಾಗಿ ಅಲ್ಲಿ ನಿಲ್ಲಿಸಿದ್ದರು. ಆ ವಾರ ಕಳೆದರೆ ಕಾಯಂ ಮಾಡುವ ಮಾತಿತ್ತು.

ಮೇಜು ಖಾಲಿಯಾದದ್ದು ಯಾಕೆ ಅನ್ನುವುದನ್ನೂ ಹೇಳಬೇಕು. ಗುಂಡಿ ಹೊಲಿಯುವ ಕೆಲಸವನ್ನು ನಮ್ಮ ಕಾರ್ಖಾನೆ ಹಿಂದಿನ ಬೀದಿಯ ಒಂದು ಶೆಡ್ಡಿಗೆ ಕೊಡುತ್ತದೆ. ಹೊಲಿದು ಬಂದದ್ದನ್ನು ಚೆಕರ್ ನೋಡಿ ಪಾಸು ಮಾಡಬೇಕು. ನನಗಿಂತ ಮೊದಲಿದ್ದಾಕೆಯ ತಂಗಿ ಅದೇ ಶೆಡ್ಡಿನಲ್ಲಿದ್ದಳು. ತಂಗಿಯ ಸಡಿಲ ಗುಂಡಿಗಳನ್ನು ಅಕ್ಕ ಕಣ್ಣು ಮುಚ್ಚಿ ಪಾಸು ಮಾಡಿ ಸಿಕ್ಕಿಬಿದ್ದಳು. ಇಬ್ಬರನ್ನೂ ಒಂದೇ ದಿನ ಮನೆಗೆ ಕಳಿಸಿದರು. ಶೆಡ್ಡಿನಲ್ಲಿ ನೆಂಟರಿರುವವರು ಮೇಜಿನ ಹತ್ತಿರ ಸುಳಿಯುವಂತಿಲ್ಲ ಅಂತ ಅವತ್ತೇ ಕಟ್ಟುನಿಟ್ಟಾಯಿತು. ನಮ್ಮ ಮೇಲ್ವಿಚಾರಕ, ಮಾತಿಗೊಮ್ಮೆ ಕೈಗಡಿಯಾರ ನೋಡುವುದರಿಂದ ನಾವು 'ಗಡಿಯಾರ' ಅಂತ ಕರೆಯುವವರು, ನನ್ನನ್ನೂ ಕೇಳಿದ್ದರು: "ನಿಮ್ಮೋರು ಯಾರಾದ್ರೂ ಇದಾರೇನಮ್ಮಾ ಅಲ್ಲಿ?" ನಾನು ನಕ್ಕು, "ನಮ್ಮೋರು ಇರೋದೇ ಒಬ್ಬ ಅತ್ತೆ ಸರ್, ಮನೇಲಿ ಮಗು ನೋಡ್ಕೋತಾರೆ" ಅಂದಿದ್ದೆ.

ಆ ವಾರವೇ ಒಂದು ಸಂಜೆ ನಾನು ಮನೆಗೆ ಬಂದಾಗ ಅತ್ತೆ ಮಗುವಿನ ಬಟ್ಟೆಯನ್ನೆಲ್ಲ ಬಿಚ್ಚಿ, ಕಿಟಕಿಯ ಬೆಳಕಿಗೆ ನಿಲ್ಲಿಸಿಕೊಂಡಿದ್ದರು. ಕೂದಲೊಳಗೆ ಬೆರಳಾಡಿಸಿ ನೋಡಿದರು. ಅಂಗಾಲು ನೋಡಿದರು. ಗಲ್ಲ ಹಿಡಿದು "ಆ ಅನ್ನು ಬಂಗಾರ, ಆ..." ಅಂತ ಬಾಯೊಳಗೆ ಇಣುಕಿದರು. ಮಗು ಅದನ್ನು ಆಟ ಅಂದುಕೊಂಡು ಕೇಕೆ ಹಾಕುತ್ತಿತ್ತು. ಅತ್ತೆಯ ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ.

"ಏನಾಯ್ತು ಅತ್ತೆ?"

"ಏನಿಲ್ಲ. ಇರುವೆ ಕಚ್ತೇನೋ ಅಂತ ನೋಡ್ತಿದ್ದೆ."

ಆಮೇಲೆ ಮಗುವಿನ ಬಟ್ಟೆಯನ್ನು ಹೊರಗೆ ಒಯ್ದು ಕೊಡವಿ ಕೊಡವಿ ತಂದರು. ಊಟಕ್ಕೆ ಕೂತವರು ಎರಡು ತುತ್ತು ತಿಂದು ತಟ್ಟೆ ಸರಿಸಿದರು. ಮಗು ಮಗ್ಗುಲು ಬದಲಿಸಿದಾಗಲೆಲ್ಲ ಎದ್ದೆದ್ದು ನೋಡುತ್ತಿದ್ದರು. ಒಂದು ಇರುವೆಗೆ ಇಷ್ಟೆಲ್ಲ ಯಾರು ಮಾಡುತ್ತಾರೆ?

ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯಾಕೆ ಪೊರಕೆ ಹಿಡಿದು ಕಾಯುತ್ತಿದ್ದಳು. ಊರ ಸುದ್ದಿಯೆಲ್ಲ ಅವಳ ಬಾಗಿಲು ದಾಟಿಯೇ ಹೋಗಬೇಕು.

"ನಿಮ್ಮತ್ತೆ ದಿನಾ ಎಲ್ಲಿಗೆ ಹೋಗ್ತಾರೆ? ನೀವ್ ಹೋದ್ ಹಿಂದೇನೇ ಬೀಗ ಹಾಕ್ಕೊಂಡು, ಮಗೂನ ಎತ್ಕೊಂಡು ಹೊರಟ್ರೆ ನೀವ್ ಬರೋ ಹೊತ್ತಿಗೇ ಬರೋದು."

"ಪಾರ್ಕಿಗೆ" ಅಂದೆ. ಸುಳ್ಳು ಬಾಯಿಗೆ ಎಷ್ಟು ಬೇಗ ಬಂತೆಂದರೆ ನನಗೇ ಆಶ್ಚರ್ಯವಾಯಿತು.

"ದಿನವಿಡೀ ಪಾರ್ಕಾ?" ಅಂತ ಅವಳು ಗಲ್ಲಕ್ಕೆ ಕೈ ಇಟ್ಟುಕೊಂಡಳು.

ವಾಪಸ್ ಹತ್ತಿ ಹೋಗಿ ಕೇಳಬೇಕಿತ್ತು. ಕೇಳಿದ್ದರೆ ಬಸ್ಸು ತಪ್ಪುತ್ತಿತ್ತು. ಬಸ್ಸು ತಪ್ಪಿದರೆ ಗೇಟು ಮುಚ್ಚುತ್ತಿತ್ತು. ಆ ವಾರ ಒಂದು ದಿನ ಗೇಟು ಮುಚ್ಚಿದರೂ ಮೇಜು ಬೇರೆಯವರ ಪಾಲು. ಬಸ್ಸು ಹತ್ತಿದೆ. ಎಲ್ಲಿಗೆ ಹೋಗುತ್ತಾರೆ? ಯಾರ ಮನೆಗೆ? ಮಗುವನ್ನು ಎಲ್ಲಾದರೂ ಕೂರಿಸಿ ಕೈ ಚಾಚಿಸುತ್ತಾರೋ ಅನ್ನುವವರೆಗೂ ನನ್ನ ಹಾಳು ಬುದ್ಧಿ ಓಡಿತು. ಅಂಥ ಹೆಂಗಸಲ್ಲ ಅವರು ಅಂತ ಗೊತ್ತಿದ್ದೂ ಓಡಿತು.

ನಮ್ಮ ಫೋನುಗಳನ್ನು ಗೇಟಿನಲ್ಲೇ ಇಸಿದುಕೊಳ್ಳುತ್ತಾರೆ, ಊಟದ ಹೊತ್ತಿಗೆ ಕೊಡುತ್ತಾರೆ. ಅವತ್ತು ಡಬ್ಬಿ ತೆಗೆಯದೆ ಅತ್ತೆಗೆ ಫೋನು ಮಾಡಿದೆ. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದೆ. ಮತ್ತೆ. ಮೊದಲು ನನ್ನ ಪಕ್ಕದ ಯಂತ್ರದಲ್ಲಿದ್ದ ಅಕ್ಕ, "ಮಲಗಿರ್ತಾರೆ ಬಿಡೇ, ಮಗೂನ ಮಲಗಿಸೋಕೆ ಹೋಗಿ ತಾವೂ ಮಲಗಿರ್ತಾರೆ. ನೀನು ಉಣ್ಣು" ಅಂದಳು. ಅವಳಿಗೇನು, ಮಕ್ಕಳಿಗೆ ಮೀಸೆ ಬಂದಾಗಿದೆ. ಡಬ್ಬಿ ಪಕ್ಕಕ್ಕೆ ಸರಿಸಿ ಇನ್ನೊಮ್ಮೆ ಫೋನು ಒತ್ತಿದೆ.

ಊಟ ಮುಗಿದ ಸ್ವಲ್ಪ ಹೊತ್ತಿಗೆ ಡಿಟೆಕ್ಟರ್ ಕಿರುಚಿತು.

ಗುಂಡಿ ಹೊಲಿದು ಬಂದ ಅಂಗಿಗಳ ಪೆಟ್ಟಿಗೆಯನ್ನು ಚೆಕಿಂಗ್ ಮೇಜಿಗೆ ತರುವ ಮೊದಲು ಆ ಯಂತ್ರದೊಳಗೆ ಹಾಯಿಸುತ್ತಾರೆ. ಬಟ್ಟೆಯಲ್ಲಿ ಎಲ್ಲಾದರೂ ಮುರಿದ ಸೂಜಿ ಉಳಿದಿದ್ದರೆ ಅದು ಕೂಗುತ್ತದೆ. ಕೂಗಿದರೆ ಇಡೀ ಹಾಲ್ ಉಸಿರು ಬಿಗಿಹಿಡಿಯುತ್ತದೆ. ಯಾರದೋ ತಲೆ ಉರುಳುತ್ತದೆ ಅಂತ ಅರ್ಥ. ಗಡಿಯಾರ ಓಡಿಬಂದು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆ ಸುರಿದರು. "ಶೆಡ್ಡಿಂದ ಬಂದಿದ್ದು ಇದು. ಒಂದೊಂದೇ ನೋಡಮ್ಮ. ಬೇಗ."

ಒಂದೊಂದೇ ಅಂಗಿಯನ್ನು ಬೆರಳಲ್ಲಿ ತಡವುತ್ತ ಹೋದೆ. ದಪ್ಪ ಬಟ್ಟೆಯ ಅಂಗಿಗಳು, ಹೊಸ ಆರ್ಡರಿನವು, ನನ್ನ ಮೇಜಿಗೆ ಅವತ್ತೇ ಮೊದಲ ಸಲ ಬಂದದ್ದು. ಕೊಳ್ಳುವವರ ಹಟಕ್ಕೆ ಗುಂಡಿಗಳನ್ನು ಕೈಯಲ್ಲೇ ಹೊಲಿದು, ಗುಂಡಿಯ ಕೆಳಗೆ ದಾರವನ್ನು ಕುತ್ತಿಗೆಯ ಹಾಗೆ ಸುತ್ತಬೇಕು. ಒಂದು ಅಂಗಿಯ ಮುಂಪಟ್ಟಿಯಲ್ಲಿ, ಎರಡು ಗುಂಡಿಗಳ ನಡುವೆ, ಮಡಿಕೆಯೊಳಗೆ ಸೂಜಿ ಚುಚ್ಚಿಕೊಂಡಿತ್ತು. ಮುರಿದದ್ದಲ್ಲ. ಇಡೀ ಸೂಜಿ. ಯಾರೋ ಕೆಲಸದ ನಡುವೆ ಚುಚ್ಚಿಟ್ಟು ಮರೆತದ್ದು.

ಅದನ್ನು ಎಳೆದು ತೆಗೆದಾಗ ನನ್ನ ಕಣ್ಣು ಗುಂಡಿಯ ಮೇಲೆ ಬಿತ್ತು.

ಎಲ್ಲರೂ ದಾರವನ್ನು ಒಂದು ಕಡೆಗೆ ಸುತ್ತುತ್ತಾರೆ. ಇಲ್ಲಿ ಉಲ್ಟಾ ಸುತ್ತಿತ್ತು. ಎಡಗೈಯವರು ಮಾತ್ರ ಹಾಗೆ ಸುತ್ತುತ್ತಾರೆ. ಎಡಗೈಯವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಸುತ್ತಿ ಮುಗಿದ ಮೇಲೆ ದಾರದ ತುದಿಯನ್ನು ಕತ್ತರಿಸದೆ ಗುಂಡಿಯ ಹೊಟ್ಟೆಯೊಳಗೆ ತೂರಿಸಿ, ಚಿಕ್ಕ ಗಂಟನ್ನು ಅಡಗಿಸಿಡುವವರು ನನಗೆ ಗೊತ್ತಿದ್ದದ್ದು ಒಬ್ಬರೇ. ನನ್ನ ಮಗಳ ಎಲ್ಲ ಫ್ರಾಕುಗಳ ಗುಂಡಿ ಹಾಗೇ ಇವೆ. ದಾರವೂ ನೀಲಿ. ಮಗಳ ಮಣಿಕಟ್ಟಿನಲ್ಲಿದ್ದ ಅದೇ ನೀಲಿ.

ಅಂದರೆ ಹಿಂದಿನ ಸಂಜೆ ಅತ್ತೆ ಹುಡುಕುತ್ತಿದ್ದದ್ದು ಇರುವೆಯನ್ನಲ್ಲ. ಈ ಸೂಜಿಯನ್ನು. ನನ್ನ ಮಗುವಿನ ಬಾಯಲ್ಲಿ, ಕೂದಲಲ್ಲಿ, ಅಂಗಾಲಿನಲ್ಲಿ.

"ಸೂಜಿ ಬಿಟ್ಟೋಳು ಯಾರು ಅಂತ ಶೆಡ್ಡಿನೋನ್ನ ಕೇಳಿದ್ರೆ ಗೊತ್ತಿಲ್ಲ ಅಂತಾನೆ" ಅಂದರು ಗಡಿಯಾರ, ಫೋನು ಜೇಬಿಗಿಳಿಸುತ್ತ. "ನೀನೇ ಹೋಗಿ ಬಾ. ಯಾರ ಕೈ ಅಂತ ಗುಂಡಿ ನೋಡಿದ್ರೆ ನಿಂಗೆ ತಿಳಿಯುತ್ತಲ್ಲ? ಅವಳನ್ನ ತೆಗೆಸಿ ಬಾ. ಇಷ್ಟು ಮಾಡಿದ್ರೆ ಮೇಜು ನಿಂದೇ ಅಂತ ನಾನೇ ಮೇಲಿನೋರಿಗೆ ಹೇಳ್ತೀನಿ."

ಶೆಡ್ಡು ಹಿಂದಿನ ಬೀದಿಯಲ್ಲಿ, ಗೋದಾಮುಗಳ ನಡುವೆ ಇತ್ತು. ನಾನು ನಡೆಯಲಿಲ್ಲ, ಓಡಿದೆ. ಅವರಾಗಿರದೇ ಇರಲಿ ಅಂತ ಒಂದು ಮನಸ್ಸು. ಅವರೇ ಆಗಿರಲಿ, ಮಗು ಅಲ್ಲಾದರೂ ಇರಲಿ ಅಂತ ಇನ್ನೊಂದು ಮನಸ್ಸು.

ತಗಡಿನ ಮಾಡಿನ ಕೆಳಗೆ ಚಾಪೆ ಹಾಸಿ ಹೆಂಗಸರು ಸಾಲಾಗಿ ಕೂತಿದ್ದರು. ಏನೋ ಮಾತಿಗೆ ಎಲ್ಲರೂ ಒಟ್ಟಿಗೆ ನಗುತ್ತಿದ್ದರು. ಆ ನಗುವಿನ ನಡುವೆ ಒಬ್ಬಳು "ಎಡಗೈ ಅಕ್ಕಾ, ನೀನ್ ಬಿಡು, ನಿನ್ನ ಬಾಯಿಗೆ ಯಾರು ಬರ್ತಾರೆ!" ಅಂದಳು. ಮೂಲೆಯಲ್ಲಿ ಕೂತು ನಗುತ್ತಿದ್ದವರು ನಮ್ಮತ್ತೆ. ನಾನು ಮದುವೆಯಾಗಿ ಬಂದಾಗಿನಿಂದ ಅವರು ಹಾಗೆ ಹಲ್ಲು ಬಿಟ್ಟು ನಕ್ಕದ್ದು ನೋಡಿರಲಿಲ್ಲ. ಅವರ ಪಕ್ಕದಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ. ಅದರೊಳಗೆ ಚಿಂದಿ ಬಟ್ಟೆಯ ಮೇಲೆ ನನ್ನ ಮಗಳು ಬಾಯಿ ತೆರೆದುಕೊಂಡು ಮಲಗಿದ್ದಳು.

ನನ್ನನ್ನು ಕಂಡದ್ದೇ ಅತ್ತೆಯ ನಗು ಆರಿಹೋಯಿತು. ತಲೆಯನ್ನು ಇಷ್ಟೇ ಇಷ್ಟು ಅಡ್ಡ ಆಡಿಸಿದರು. ಮಾತಾಡಬೇಡ ಅಂತ.

"ಬನ್ನಿ ಚೆಕರಮ್ಮ" ಅಂತ ಶೆಡ್ಡಿನ ಮಾಲೀಕ ಎದ್ದು ಬಂದ. "ನೀವೇ ನೋಡಿ ಹೇಳಿ, ಯಾರು ಅಂತ. ಇವರ್ಯಾರೂ ಬಾಯಿ ಬಿಡ್ತಿಲ್ಲ."

"ಮೊದ್ಲು ಕೈ ತೊಳೀಬೇಕು" ಅಂದೆ. ನಲ್ಲಿ ಶೆಡ್ಡಿನ ಹಿಂದಿತ್ತು. ಹಿಂದೆಯೇ ಅತ್ತೆ ಖಾಲಿ ಬಿಂದಿಗೆ ಹಿಡಿದು ಬಂದರು. ನೀರು ಬಿಟ್ಟು, ಅದರ ಸದ್ದಿನ ಮರೆಯಲ್ಲಿ ಮೊದಲು ಕೇಳಿದ್ದು ಅವರೇ: "ಸೂಜಿ ಸಿಕ್ತಾ? ನಿಜ ಹೇಳು, ಸಿಕ್ತಾ?"

"ಸಿಕ್ತು. ಅಂಗೀಲಿತ್ತು."

ಅವರು ನಲ್ಲಿಯ ಕಟ್ಟೆ ಹಿಡಿದು ಕುಸಿದು ಕೂತರು. ಕಣ್ಣಲ್ಲಿ ನೀರು ದಳದಳ ಇಳಿಯಿತು. "ನಿನ್ನೆಯಿಂದ ಜೀವ ಬಾಯಿಗೆ ಬಂದಿತ್ತು ಕಣೇ. ನುಂಗಿಬಿಟ್ಳೋ ಏನೋ ಅಂತ... ಸೂಜಿ ಚುಚ್ಚೋ ದಿಂಬು ಕೆಂಪಗಿದೆ ನೋಡು, ಇವಳು ಅದಕ್ಕೇ ಕೈ ಹಾಕ್ತಾಳೆ. ಅದಕ್ಕೆ ಇವಳನ್ನ ಎತ್ಕೊಳೋಕೆ ಏಳುವಾಗೆಲ್ಲ ಸೂಜೀನ ಕೈಲಿರೋ ಅಂಗಿಗೇ ಚುಚ್ಚಿಡ್ತಿದ್ದೆ. ಮಗು ಕೈಗೆ ಸಿಗಬಾರ್ದು ಅಂತ. ನಿನ್ನೆ ಅಳ್ತು, ಎದ್ದೆ, ಅಷ್ಟರಲ್ಲಿ ಅಂಗಿ ಕಟ್ಟು ಒಯ್ದುಬಿಟ್ರು."

ಅವರು ಅಳುತ್ತಿದ್ದರೂ ನನಗೆ ಕರುಣೆ ಬರಲಿಲ್ಲ, ಕೋಪ ಬಂತು. ಒಂದು ಇಡೀ ದಿನ ನುಂಗಿದ ಹೆದರಿಕೆಯೆಲ್ಲ ಕೋಪವಾಗಿ ಬಂತು. "ಸೂಜಿ ನಡುವೆ ಮಗೂನ ತಂದು ಕೂರಿಸ್ತೀರಲ್ಲ ಅತ್ತೆ, ಬುದ್ಧಿ ಬೇಡ್ವಾ? ಯಾರ್ ಕೇಳಿದ್ರು ನಿಮ್ಮನ್ನ ಕೆಲ್ಸಕ್ಕೆ ಹೋಗಿ ಅಂತ? ಮನೇಲಿ ಏನ್ ಕಮ್ಮಿ ಆಗಿತ್ತು ನಿಮ್ಗೆ?"

ಅತ್ತೆ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು.

"ಕಮ್ಮಿ ಆದ್ರೇನೇ ಹೋಗ್ಬೇಕಾ?" ಅಂದರು.

ನನ್ನ ಮಾತೇ. ನಾನು ತಲೆ ತಗ್ಗಿಸಿದೆ.

"ಮೊದ್ಲು ನಿಮ್ಮಾವ ಹೀಗೇ ಕೇಳ್ತಿದ್ರು. ಅವರು ಹೋದ್ಮೇಲೆ ಇನ್ಯಾರೂ ಕೇಳೋರಿಲ್ಲ ಅನ್ಕೊಂಡಿದ್ದೆ" ಅಂತ ಅವರು ಬಿಂದಿಗೆಯನ್ನು ನಲ್ಲಿಯ ಕೆಳಗೆ ಸರಿಸಿದರು. "ನೀನ್ ಬೆಳಿಗ್ಗೆ ತಲೆ ಬಾಚ್ಕೊಂಡು ಹೋಗ್ತಿಯಲ್ಲ, ದಿನಾ ನೋಡ್ತಿದ್ದೆ. ನಂಗೂ ಬಾಚ್ಕೊಂಡು ಎಲ್ಲಿಗಾದ್ರೂ ಹೋಗ್ಬೇಕು ಅನ್ಸ್ತು. ಇಲ್ಲಿ ಕೈ ಚೆನ್ನಾಗಿದೆ ಅಂತಾರೆ ಕಣೇ. ನಿಂಗೆ ಹೇಳಿದ್ರೆ ನಿನ್ನ ಮೇಜು ಹೋಗುತ್ತೆ ಅಂತ ಹೇಳ್ಲಿಲ್ಲ."

ನಾನು ಏನು ಹೇಳಬೇಕಿತ್ತೋ ಗೊತ್ತಿಲ್ಲ. ಹೇಳಿದ್ದು ಮಾತ್ರ ಇದು: "ಈಗ ನಾನೇನ್ ಮಾಡ್ಲಿ?"

ಅಷ್ಟರಲ್ಲಿ ಮಾಲೀಕ ಕೂಗಿದ. ನಾನು ಒಳಗೆ ಬಂದು ಚಾಪೆಯ ಮುಂದೆ ನಿಂತೆ. ಹೆಂಗಸರೆಲ್ಲ ಕೈ ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತಿದ್ದರು. ಗೊತ್ತಾಗಲಿಲ್ಲ ಅಂದರೆ, ಗುಂಡಿ ನೋಡಿ ಕೈ ಗುರುತಿಸಲಾಗದ ಚೆಕರ್ ಯಾಕೆ ಬೇಕು ಅಂತಾರೆ. ಇವರು ನಮ್ಮತ್ತೆ ಅಂದರೆ, ಇಬ್ಬರೂ ಮನೆಗೆ. ಮೂಲೆಯಲ್ಲಿರುವ ಅಜ್ಜಿ ಅಂತ ಬೆರಳು ತೋರಿಸಿದರೆ ಮೇಜು ನನ್ನದು, ಮಗು ಮನೆಯಲ್ಲಿ, ಸೂಜಿಯ ಭಯವಿಲ್ಲ. ಎಲ್ಲ ಸರಿಹೋಗುತ್ತದೆ. ಎಲ್ಲ ಸರಿಹೋಗುತ್ತದೆ ಅನ್ನುವುದೇ ನನಗೆ ಅಸಹ್ಯವಾಯಿತು.

ಆಗ ಪೆಟ್ಟಿಗೆಯಲ್ಲಿ ಮಗು ಎದ್ದು ಕೂತಿತು. ಕಣ್ಣುಜ್ಜಿ ಸುತ್ತ ನೋಡಿ, ನನ್ನನ್ನು ಕಂಡು ಮುಖವರಳಿಸಿ ಎರಡೂ ಕೈ ಚಾಚಿತು.

"ಅಮ್ಮಾ!"

ಮಾಲೀಕ ನನ್ನನ್ನೂ ಮಗುವನ್ನೂ ಬದಲಿಸಿ ಬದಲಿಸಿ ನೋಡಿದ. ನನಗೂ ಮಗುವಿಗೂ ನಡುವೆ ನಾಲ್ಕು ಹೆಜ್ಜೆಯೂ ಇರಲಿಲ್ಲ. ನನ್ನ ಕಾಲು ಏಳಲಿಲ್ಲ.

ಅತ್ತೆ ಬಿಂದಿಗೆ ಕೆಳಗಿಟ್ಟವರೇ ಬಂದು ಮಗುವನ್ನು ಎತ್ತಿಕೊಂಡರು. "ಕಂಡೋರನ್ನೆಲ್ಲ ಅಮ್ಮ ಅಂತಾಳೆ ಇವಳು, ನಮ್ಮ ಗುಬ್ಬಿ" ಅಂತ ನಕ್ಕರು. ನಕ್ಕ ಮುಖದಲ್ಲೇ ಮಾಲೀಕನ ಕಡೆ ತಿರುಗಿ, "ಸೂಜಿ ನಂದೇ ಕಣಪ್ಪ. ಇಷ್ಟು ಹೊತ್ತು ಬಾಯಿ ಬರ್ಲಿಲ್ಲ. ಈಯಮ್ಮನ್ನ ಯಾಕೆ ಕಾಯಿಸ್ತೀಯ, ನಾಳೆಯಿಂದ ನಾನ್ ಬರಲ್ಲ ಬಿಡು" ಅಂದರು.

ಮಗು ಅತ್ತೆಯ ಹೆಗಲ ಮೇಲಿಂದ ನನ್ನ ಕಡೆಗೆ ಬಾಗಿ ಬಾಗಿ ಬೀಳುತ್ತ "ಅಮ್ಮಾ, ಅಮ್ಮಾ" ಅಂತ ಕಿರುಚತೊಡಗಿತು. ನಾನು "ಹಾಗಾದ್ರೆ ಬರ್ತೀನಿ" ಅಂದೆ. ಯಾರಿಗೆ ಅಂದೆನೋ. ಬೀದಿಯ ತಿರುವಿನವರೆಗೂ ಆ ಅಳು ನನಗೆ ಕೇಳಿಸುತ್ತಲೇ ಇತ್ತು.

ಮೇಜು ಅವತ್ತೇ ಕಾಯಂ ಆಯಿತು. ಗಡಿಯಾರ ನನ್ನ ಹೆಗಲು ತಟ್ಟುವುದೊಂದು ಬಾಕಿ.

ಬೆಳಕಿರುವಾಗಲೇ ಮನೆಗೆ ಬಂದೆ. ಬಾಗಿಲಿಗೆ ಬೀಗವಿರಲಿಲ್ಲ. ಒಲೆಯ ಮೇಲೆ ಅನ್ನವಾಗಿತ್ತು. ಮಗುವಿಗೆ ಕೈ ಚಾಚಿದರೆ ಅದು ಮುಖ ತಿರುಗಿಸಿ ಅತ್ತೆಯ ಕುತ್ತಿಗೆಯಲ್ಲಿ ಮೂಗು ಹುದುಗಿಸಿತು. "ಮುನಿಸ್ಕೊಂಡಿದಾಳೆ, ಬಿಡು, ಆಮೇಲೆ ಬರ್ತಾಳೆ" ಅಂದರು ಅತ್ತೆ. ಮೇಜು ಸಿಕ್ಕಿತಾ ಅಂತ ಕೇಳಿದರು. ಸಿಕ್ಕಿತು ಅಂದೆ. "ಒಳ್ಳೇದಾಯ್ತು" ಅಂದರು. ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

"ಸ್ವಲ್ಪ ದಿನ ಅತ್ತೆ" ಅಂದೆ. "ಇವಳು ಸ್ಕೂಲಿಗೆ ಹೋಗೋ ಹಾಗಾಗ್ಲಿ. ಆಮೇಲೆ ನೀವೂ ಹೋಗೀರಂತೆ. ನಾನೇ ಬೇರೆ ಕಡೆ ನೋಡ್ತೀನಿ."

"ಆಗ್ಲಿ" ಅಂದರು ಅವರು, ಮಗುವಿನ ಮಣಿಕಟ್ಟಿನ ನೀಲಿ ಬಳೆಯನ್ನು ತಿರುಗಿಸುತ್ತ. "ಅಷ್ಟೊತ್ತಿಗೆ ನನ್ನ ಕಣ್ಣಿಗೆ ಸೂಜಿ ತೂತು ಕಾಣ್ಬೇಕಲ್ಲ."

ಮಾರನೆಯ ದಿನ ಊಟದ ಹೊತ್ತಿಗೆ ಗೇಟಿನಲ್ಲಿ ಫೋನು ಇಸಿದುಕೊಂಡು ಮನೆಗೆ ಮಾಡಿದೆ. ಅಭ್ಯಾಸ. ಮೊದಲ ಸದ್ದು ಮುಗಿಯುವುದರೊಳಗೇ ಅತ್ತಲಿಂದ ಎತ್ತಿದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

"ಮನೇಲೇ ಇದ್ದೀನಿ ಕಣಮ್ಮ" ಅಂದರು ಅತ್ತೆ.